ಡಾಕ್ಟ್ರಿಗೆ ತೊಂದರೆ ಕೊಡಬಾರದು

ಈ ಲೋಕಕ್ಕೆ ಬಂದವರೆಲ್ಲ ಒಂದು ದಿನ ಹೋಗಲೇಬೇಕು. ಇಲ್ಲಿ ಯಾರೂ ಶಾಶ್ವತವಾಗಿ ನೆಲೆಸಲು ಬಂದವರಲ್ಲ. ಹಿರಿಯರು ಈ ಮಾತನ್ನು ಜೀವದ ಬಗ್ಗೆ ಹೇಳಿದ್ದಾರೆ. ನಾನು ನಮ್ಮೂರಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳ ಬಗ್ಗೆ ಹೇಳುತ್ತಿದ್ದೇನೆ.

ಮೊನ್ನೆ ಚಿಕ್ಕಮಗಳೂರು ಪೇಟೆಯಲ್ಲಿ ಮಳೆ ಹಿಡಿದುಕೊಂಡಿತೆಂದು ಒಂದು ಜವಳಿ ಅಂಗಡಿಗೆ ನುಗ್ಗಿದೆ. ಸುಮ್ಮನೆ ನಿಂತರೆ ಮರ್ಯಾದೆಯಲ್ಲವೆಂದು ಶಾಲು ತೋರಿಸಿ ಅಂದೆ. ಅಂಗಡಿಯವರು ಪ್ಲಾಸ್ಟಿಕ್ ಕವರು ಬಿಚ್ಚಿದ್ದೇ ತಡ, ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಹೊಸ ಶಾಲಿನ ವಾಸನೆಗೆ ಬೇರೆಯವರಿಗೆ ಮದುವೆ ಮನೆ ನೆನಪಾಗಬಹುದು. ನನಗೆ ಎಂಬಿಬಿಎಸ್ ನೆನಪಾಗುತ್ತದೆ.

ಕಾರಣವಿದೆ. ನಾನು ನಮ್ಮೂರಿನ ಆಸ್ಪತ್ರೆ ಸಮಿತಿಯ ಕಾರ್ಯದರ್ಶಿ. ಊರು ಮೂಡಿಗೆರೆ ತಾಲೂಕಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಬರೆದರೆ ಇಲಾಖೆಯವರಿಗೆ ನಾವು ನೆನಪಾಗಿ, ಇರುವ ನರ್ಸಮ್ಮನನ್ನೂ ಬೇರೆ ಕಡೆ ಕಳಿಸಿಯಾರು ಎಂಬ ಭಯ. ಸಮಿತಿಯ ಕೆಲಸ ಆಸ್ಪತ್ರೆಯ ಅಭಿವೃದ್ಧಿ ಎಂದು ಬೋರ್ಡಿನಲ್ಲಿದೆ. ವಾಸ್ತವದಲ್ಲಿ ನಮ್ಮ ಕೆಲಸ ಎರಡೇ: ಡಾಕ್ಟ್ರು ಬಂದಾಗ ಶಾಲು ಹೊದೆಸುವುದು, ಹೋಗುವಾಗ ಶಾಲು ಹೊದೆಸುವುದು. ಕಡ್ಡಾಯ ಗ್ರಾಮೀಣ ಸೇವೆಗೆಂದು ಒಂದು ವರ್ಷಕ್ಕೆ ಬರುವ ಹುಡುಗ ಹುಡುಗಿಯರು ಅವರು. ವರ್ಷ ಮುಗಿಯುವ ದಿನ ಅವರ ಬ್ಯಾಗು ಅವರಿಗಿಂತ ಮೊದಲು ಬಸ್ ಸ್ಟ್ಯಾಂಡಿನಲ್ಲಿರುತ್ತಿತ್ತು. ತಪ್ಪು ತಿಳಿಯಬೇಡಿ, ಅವರನ್ನು ನಾನು ದೂರುತ್ತಿಲ್ಲ. ಮುಂದೆ ಓದಬೇಕು, ಮಕ್ಕಳ ತಜ್ಞರೋ ಮೂಳೆ ತಜ್ಞರೋ ಆಗಬೇಕು. ನಮ್ಮೂರಿನ ನೆಗಡಿಯಲ್ಲಿ ತಜ್ಞರಾಗಿ ಯಾರಿಗೆ ಏನು ಸಿಗಬೇಕು? ನನ್ನ ಸ್ವಾಗತ ಭಾಷಣಕ್ಕೂ ಬೀಳ್ಕೊಡುಗೆ ಭಾಷಣಕ್ಕೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಒಮ್ಮೆ ಮರೆತು ಹೊಸದಾಗಿ ಬಂದವರೆದುರು ಬೀಳ್ಕೊಡುಗೆಯದ್ದನ್ನೇ ಓದಿಬಿಟ್ಟೆ. ಆ ಡಾಕ್ಟ್ರ ಮುಖದಲ್ಲಿ ಅಷ್ಟು ಸಂತೋಷವನ್ನು ಮತ್ತೆ ನಾನು ಕಾಣಲಿಲ್ಲ.

ಹಲ್ಲಿನ ಡಾಕ್ಟರುಗಳ ವಿಷಯ ಇದಕ್ಕೆ ತದ್ವಿರುದ್ಧ. ಎಂಬಿಬಿಎಸ್‌ನವರಿಗೆ ಸರ್ಕಾರದಲ್ಲಿ ಕುರ್ಚಿ ಇದೆ, ಕೂರುವವರಿಲ್ಲ. ಹಲ್ಲಿನವರಲ್ಲಿ ಕೂರಲು ಸಾಲುಗಟ್ಟಿ ನಿಂತಿದ್ದಾರೆ, ಕುರ್ಚಿ ಇಲ್ಲ. ನಮ್ಮಲ್ಲಿ ಮಾತ್ರ, ಯಾರ ಕೃಪೆಯೋ, ಕುರ್ಚಿ ಮೊದಲು ಬಂತು. ಲಾರಿಯಿಂದ ಇಳಿಸಿ ಹಿಂದಿನ ಕೋಣೆಯಲ್ಲಿಟ್ಟ ಅದನ್ನು ನೋಡಲು ದೂರದ ಜಾವಳಿ ಊರಿನ ಕಡೆಯಿಂದಲೂ ಜನ ಬಂದರು. ಮೇಲೆ ಲೈಟು, ಪಕ್ಕದಲ್ಲಿ ಉಗುಳಲು ಬೇಸಿನ್ನು. "ಕೂತಲ್ಲೇ ಉಗುಳಬಹುದು ಅಂದ್ರೆ ನಮ್ಮ ರೈಟ್ರಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದು ಎಲೆ ಅಡಿಕೆ ಹಾಕುವ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಎಲ್ಲರೂ ಗೇಲಿ ಮಾಡಿದರು. ಬಹಳ ಕಾಲದ ಮೇಲೆ ಪುತ್ತೂರು ಕಡೆಯ ಹಲ್ಲಿನ ಡಾಕ್ಟ್ರೊಬ್ಬರು ತಾಲೂಕು ಆಸ್ಪತ್ರೆಯಿಂದ ಮಂಗಳವಾರ, ಶುಕ್ರವಾರ ಬರತೊಡಗಿದರು. ಅವರಿಗೆ ಶಾಲು ಹೊದೆಸುವುದು ನಮಗೆ ಹೊಳೆಯಲೇ ಇಲ್ಲ. ಹಲ್ಲು ನೋವು ಬಂದರೆ ಲವಂಗ ಇಟ್ಟುಕೊಳ್ಳುವ ಊರು ನಮ್ಮದು.

ಇನ್ನು ನನ್ನ ಅತ್ತಿಗೆಯ ವಿಷಯ ಹೇಳಬೇಕು. ಅಣ್ಣ ತೀರಿಕೊಂಡ ಮೇಲೆ ಸಣ್ಣದೊಂದು ತೋಟವನ್ನು ತಾವೇ ನಿಂತು ನೋಡಿಕೊಳ್ಳುವ ಗಟ್ಟಿ ಹೆಂಗಸು. ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಅತ್ತಿಗೆಗೆ ಕಾಯಿಲೆಗಿಂತ ದೊಡ್ಡ ತೊಂದರೆ ಎಂದರೆ ಅದರ ಕಥೆ. ಪ್ರತಿ ಹೊಸ ಡಾಕ್ಟ್ರೂ "ಎಷ್ಟು ವರ್ಷದಿಂದ ಇದೆ ಅಮ್ಮ?" ಎಂದು ಮೊದಲಿಂದ ಶುರು ಮಾಡುತ್ತಿದ್ದರು. ಒಬ್ಬರು ಕೊಟ್ಟ ಬಿಳಿ ಮಾತ್ರೆಯನ್ನು ಮುಂದಿನವರು ಹಳದಿ ಮಾಡುತ್ತಿದ್ದರು, ಅದರ ಮುಂದಿನವರು ಅರ್ಧ ಮಾಡುತ್ತಿದ್ದರು. ಮಾತ್ರೆ ಬದಲಾದಾಗಲೆಲ್ಲ ಅತ್ತಿಗೆಗೆ ತಲೆ ಸುತ್ತು. ಒಮ್ಮೆ ಕಾಫಿ ಕಣದಲ್ಲೇ ಬಿದ್ದು, ಮೂಡಿಗೆರೆಗೆ ಜೀಪಿನಲ್ಲಿ ಒಯ್ದಿದ್ದೆವು.

"ಇನ್ನೊಂದ್ ಸಲ ನನ್ನ ಪುರಾಣ ಮೊದಲಿಂದ ಹೇಳೋ ಶಕ್ತಿ ನನಗಿಲ್ಲ ಮಾರಾಯ" ಎಂದು ಅತ್ತಿಗೆ ಆಮೇಲೆ ಹೇಳಿದ್ದರು. "ಕಾಯಿಲೆಯಿಂದ ಸತ್ರೆ ಸಾಯ್ತೀನಿ, ಕಥೆ ಹೇಳಿ ಹೇಳಿ ಸಾಯದು ಬೇಡ."

ಅಂಥ ಹೊತ್ತಿನಲ್ಲಿ ಬಂದವರು ಬಿಜಾಪುರ ಕಡೆಯ ಡಾಕ್ಟ್ರಮ್ಮ. ಸಣ್ಣ ವಯಸ್ಸು, ದೊಡ್ಡ ಗಂಟಲು. ನಮ್ಮ ಜಿಗಣೆಗಳನ್ನು ಕಂಡು ಮೊದಲ ವಾರ ಕಾಲು ಮೇಲೆತ್ತಿಕೊಂಡೇ ರೋಗಿಗಳನ್ನು ನೋಡಿದರು. ಅತ್ತಿಗೆಯ ಪುರಾಣವನ್ನು ಪೂರ್ತಿ ಕೇಳಿ, "ಇನ್ನ ಯಾರ ಮುಂದೂ ಹೇಳಬ್ಯಾಡ್ರಿ, ನಾ ಕೇಳೀನಲ್ಲ, ಸಾಕು" ಎಂದರು. ಮಾತ್ರೆ ಒಂದು ಬಣ್ಣಕ್ಕೆ ನಿಂತಿತು. ಅತ್ತಿಗೆಯ ತಲೆಯೂ ನಿಂತಿತು. ಎಲ್ಲಕ್ಕಿಂತ ಆಶ್ಚರ್ಯ, ವರ್ಷ ಮುಗಿದಾಗ ಡಾಕ್ಟ್ರಮ್ಮ ಹೋಗಲಿಲ್ಲ. "ಇಲ್ಲೇ ಛಲೋ ಐತ್ರಿ" ಎಂದು ಗುತ್ತಿಗೆಯ ಮೇಲೆ ಮುಂದುವರಿದರು. ತಂದಿಟ್ಟ ಶಾಲು ನಮ್ಮ ಮನೆಯಲ್ಲೇ ಉಳಿಯಿತು.

ಇಷ್ಟಕ್ಕೆ ಬಿಟ್ಟಿದ್ದರೆ ಎಲ್ಲವೂ ಸರಿಯಿರುತ್ತಿತ್ತು. ಆದರೆ ಒಂದು ಸೋಮವಾರ ಡಾಕ್ಟ್ರಮ್ಮ ಆಕಳಿಸಿದರು.

ಅದನ್ನು ಕಂಡವರು ಸಮಿತಿಯ ಅಧ್ಯಕ್ಷರಾದ ಮಂಜಪ್ಪಣ್ಣ. ದೊಡ್ಡ ತೋಟ, ಅದಕ್ಕಿಂತ ದೊಡ್ಡ ದನಿ. ಅಂದೇ ಸಂಜೆ ತುರ್ತು ಸಭೆ ಕರೆದರು.

"ಆಕಳಿಸಿದ್ರು ಕಣ್ರೋ, ನಾನೇ ಕಣ್ಣಾರೆ ಕಂಡೆ. ಹಿಂಗೆ ಬೆಳಗಿಂದ ಜನ ಮುತ್ತಿಕೊಂಡ್ರೆ ಯಾರಿಗೆ ಸುಸ್ತಾಗಲ್ಲ? ಇವರೂ ಓಡಿ ಹೋಗ್ತಾರೆ, ಬರ್ದಿಟ್ಕಳಿ. ಸೀತಕ್ಕ, ನಿಮ್ಮ ಮೊಮ್ಮಗನಿಗೆ ಮೂಗು ಸೋರಿದ್ರೆ ಅದಕ್ಕೂ ಡಾಕ್ಟ್ರೇ ಬೇಕಾ?"

"ನಿಮ್ಮ ಮಂಡಿ ನೋವಿಗೆ ದಿನಾ ಹೋಗಿ ಕೂರದು ಯಾರು?" ಎಂದರು ಸಮಿತಿಯ ಸದಸ್ಯೆ ಸೀತಕ್ಕ.

"ಅದಕ್ಕೇ ಹೇಳಿದ್ದು, ಎಲ್ಲಾರೂ ಬಿಡಣ. ನಾನೂ ಬಿಟ್ಟೆ."

ಹೀಗೆ ಡಾಕ್ಟ್ರಿಗೆ ತೊಂದರೆ ಕೊಡಬಾರದು ಎಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಜೀವಕ್ಕೆ ಅಪಾಯವಿದ್ದವರು ಹೋಗಬಹುದು. ಮಿಕ್ಕವರು ಕಷಾಯ ಕುಡಿಯಬೇಕು. ಇದರ ಬಗ್ಗೆ ಡಾಕ್ಟ್ರಮ್ಮನಿಗೆ ಏನೂ ಹೇಳಕೂಡದು, ಹೇಳಿದರೆ ಪಾಪ ಸಂಕೋಚಪಟ್ಟಾರು. ನಮ್ಮ ಕಡೆ ಉಪಕಾರ ಮಾಡುವುದೆಂದರೆ ಹೀಗೆ, ಮಾಡಿಸಿಕೊಂಡವರಿಗೆ ಗೊತ್ತಾಗಬಾರದು.

ಮಂಜಪ್ಪಣ್ಣ ಆಸ್ಪತ್ರೆ ಕ್ರಾಸಿನ ಅಂಗಡಿ ಜಗಲಿಯಲ್ಲಿ ಕೂತು ತಪಾಸಣೆ ಶುರು ಮಾಡಿದರು. "ಎಲ್ಲಿಗೆ?" "ಕೆಮ್ಮು ಮಂಜಪ್ಪಣ್ಣ." "ಎಲ್ಲಿ, ಕೆಮ್ಮು ನೋಡಣ." ಅವರೆದುರು ಯಾರಿಗೂ ಸರಿಯಾಗಿ ಕೆಮ್ಮು ಬರುತ್ತಿರಲಿಲ್ಲ. "ಇದು ಕೆಮ್ಮಾ? ಇದು ಗಂಟಲು ಸರಿ ಮಾಡಿಕೊಳ್ಳದು. ಹೋಗು, ಮೆಣಸಿನ ಸಾರು ಕುಡಿ." ಎದೆ ನೋವು ಎಂದವರನ್ನು ಮಾತ್ರ ಸ್ವತಃ ತಮ್ಮ ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಬಿಡುತ್ತಿದ್ದರು, ಅಷ್ಟು ವಿವೇಚನೆ ಅವರಿಗಿತ್ತು ಎಂದು ದಾಖಲಿಸುತ್ತೇನೆ. ಅತ್ತಿಗೆ ಕೂಡ ಸಕ್ಕರೆ ನೋಡಿಸಿಕೊಳ್ಳಲು ಪ್ರತಿ ವಾರ ಹೋಗುತ್ತಿದ್ದವರು ನಿಲ್ಲಿಸಿದರು. "ಆ ಮಗು ಉಳಿಯಲಿ. ನಾನು ಸ್ವಲ್ಪ ದಿನ ತಡ್ಕೋತೀನಿ" ಎಂದರು. ಬೆಂಚುಗಳು ಖಾಲಿಯಾದವು. ಅಟೆಂಡರ್ ಮಧ್ಯಾಹ್ನವೇ ಅವುಗಳ ಮೇಲೆ ಮಲಗಲು ಶುರು ಮಾಡಿದ. ನಾವೆಲ್ಲ ಡಾಕ್ಟ್ರಮ್ಮ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆಂದು ದೂರದಿಂದಲೇ ಹಿಗ್ಗಿದೆವು.

ಒಂದು ದಿನ ರಸ್ತೆಯಲ್ಲಿ ಸಿಕ್ಕಾಗ ಅವರು ನನ್ನನ್ನು ನಿಲ್ಲಿಸಿದರು. ಗಂಟಲು ಎಂದಿನಷ್ಟು ದೊಡ್ಡದಿರಲಿಲ್ಲ. "ಕಾಕಾ, ಊರಾಗ ಯಾರಿಗೂ ಆರಾಮಿಲ್ಲ ಅನ್ನೂದ ಇಲ್ಲೇನ್ರಿ?"

"ನಿಮ್ಮ ಕೈಗುಣ ಡಾಕ್ಟ್ರೇ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ" ಎಂದೆ. ನನಗೆ ಆಗ ಅದು ಬಹಳ ಚಾಣಾಕ್ಷ ಉತ್ತರವಾಗಿ ಕಂಡಿತ್ತು. ಅವರು ಆಸ್ಪತ್ರೆಯ ಕಡೆ ನಡೆದರು.

ಆಮೇಲೆ ಚಿಕ್ಕಮಗಳೂರಿನಿಂದ ಒಬ್ಬ ಮೇಲಧಿಕಾರಿ ತಪಾಸಣೆಗೆ ಬಂದರು. ಅವರು ಕಂಡದ್ದು ಒಬ್ಬ ಡಾಕ್ಟರು, ಮಲಗಿದ ಅಟೆಂಡರ್, ಒಂದು ನಾಯಿ. ರೋಗಿಗಳಿಲ್ಲದ ಕಡೆ ಡಾಕ್ಟ್ರು ಯಾಕೆ, ಡಾಕ್ಟ್ರಿಲ್ಲದ ಕಡೆ ರೋಗಿಗಳು ಸಾಯುತ್ತಿದ್ದಾರೆ ಎಂದು ಅವರು ಲೆಕ್ಕ ಹಾಕಿದರು. ತಪ್ಪೆಂದು ನಾನಂತೂ ಹೇಳಲಾರೆ. ಡಾಕ್ಟ್ರಮ್ಮನನ್ನು ಚಿಕ್ಕಮಗಳೂರಿಗೆ ನಿಯೋಜಿಸಿ ಆದೇಶ ಬಂತು. ಅವರೂ ಬೇಡವೆನ್ನಲಿಲ್ಲ.

ಬೀಳ್ಕೊಡುಗೆಗೆ ಊರಿಗೆ ಊರೇ ಸೇರಿತು. ಅಷ್ಟು ಜನರನ್ನು ಕಂಡು ಡಾಕ್ಟ್ರಮ್ಮ ತಬ್ಬಿಬ್ಬಾದರು. ಮೈಕಿನ ಮುಂದೆ ನಿಂತು, "ನಂದೇನ್ ತಪ್ಪಾತು ನನಗ ತಿಳೀಲಿಲ್ಲ. ಯಾಕ ನೀವೆಲ್ಲ ನನ್ನ ಕಡೆ ಬರೂದ ಬಿಟ್ರಿ? ನನ್ನ ಮ್ಯಾಲ ನಂಬಿಕಿ ಹೋತೇನ್ರಿ?" ಎಂದರು.

ಮಂಜಪ್ಪಣ್ಣ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ನೆಲ ನೋಡಿದರು. ಅತ್ತಿಗೆಯೇ ಎದ್ದರು.

"ಅಯ್ಯೋ ಮಗಾ, ನಿಂಗೆ ಸುಸ್ತಾಗ್ತದೆ ಅಂತ ನಾವೇ ಬರ್ಲಿಲ್ಲ. ನೀನು ಹೋಗಬಾರದು ಅಂತ ಕಾಯಿಲೆ ನುಂಗಿಕೊಂಡು ಕೂತಿದ್ವಿ."

ಡಾಕ್ಟ್ರಮ್ಮ ನಕ್ಕರೋ ಅತ್ತರೋ ಹೇಳುವುದು ಕಷ್ಟ. "ಹೇಳಬಾರ್ದೇನ್ರಿ ಅಮ್ಮಾರ! ನಾ ದಿನಾ ರಾತ್ರಿ ಫೋನಿನ್ಯಾಗ ಅವ್ವನ ಮುಂದ ಅಳ್ತಿದ್ದೆ" ಎನ್ನುತ್ತಲೇ ಚೀಲದಿಂದ ಬಿ.ಪಿ. ಯಂತ್ರ ತೆಗೆದು, ವೇದಿಕೆಯ ಮೇಲೇ ಅತ್ತಿಗೆಯ ತೋಳಿಗೆ ಸುತ್ತಿದರು. ನೋಡಿ, ಬೈದರು. ಅಷ್ಟು ಬೈಗುಳವನ್ನು ಅತ್ತಿಗೆ ಅಣ್ಣನಿಂದಲೂ ಕೇಳಿದವರಲ್ಲ. ಶಾಲು ಹಿಡಿದು ನಾನು ಪಕ್ಕದಲ್ಲಿ ಕಾಯುತ್ತಿದ್ದೆ.

ಆದೇಶವನ್ನು ತಿರುಗಿಸಲು ಮಂಜಪ್ಪಣ್ಣ ಕೊನೆಯ ಪ್ರಯತ್ನ ಮಾಡಿದರು. ಅಧಿಕಾರಿಗಳು ಮತ್ತೆ ಬರುತ್ತಾರೆಂಬ ಸುದ್ದಿ ಹಿಡಿದು, "ಅವತ್ತು ಊರಲ್ಲಿ ಆರೋಗ್ಯವಾಗಿ ಒಬ್ಬರೂ ಇರಕೂಡದು" ಎಂದು ಡಂಗುರ ಹೊಡೆಸಿದಂತೆ ಹೇಳಿದರು. ತೋಟಗಳಲ್ಲಿ ಆಳುಗಳಿಗೆ ಅರ್ಧ ದಿನ ರಜೆ. ನಾನೂ ಕಂಬಳಿ ಹೊದ್ದು ಹೋದೆ. ಬೆಂಚು, ಜಗಲಿ, ಅಂಗಳ ತುಂಬಿ ಸಾಲು ರಸ್ತೆಗೆ ಬಂತು. ಒಂದನ್ನು ಮಾತ್ರ ನಾವು ಯೋಚಿಸಿರಲಿಲ್ಲ. ಅಂದು ಶುಕ್ರವಾರ. ಡಾಕ್ಟ್ರಮ್ಮ ಆಗಲೇ ಚಿಕ್ಕಮಗಳೂರಿಗೆ ಹೋಗಿಯಾಗಿತ್ತು, ಒಳಗಿದ್ದವರು ಹಲ್ಲಿನ ಡಾಕ್ಟ್ರೊಬ್ಬರೇ.

ಬಾಗಿಲು ತೆರೆದು ಜನಸಾಗರ ಕಂಡ ಅವರ ಕಣ್ಣು ಒದ್ದೆಯಾಯಿತು. "ಎಂತ ಮಾರಾಯ್ರೆ, ಇಷ್ಟು ಹಲ್ಲು ಈ ಊರಲ್ಲಿ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ!" ಎಂದು ಅಂಗಿಯ ತೋಳು ಮಡಚಿದರು. ಹಿಂದೆ ಸರಿಯೋಣವೆಂದರೆ ಅಧಿಕಾರಿಗಳ ಕಾರು ಗೇಟಿನಲ್ಲಿತ್ತು. ಮೊದಲು ಕುರ್ಚಿ ಏರಿದವರು ಮಂಜಪ್ಪಣ್ಣ. ಮಂಡಿ ನೋವೆಂದು ಹೇಳಲು ಬಾಯಿ ತೆರೆದರು. ತೆರೆದ ಬಾಯಿಯನ್ನು ಡಾಕ್ಟ್ರು ಮುಚ್ಚಲು ಬಿಡಲಿಲ್ಲ. ಹೊರಬರುವಾಗ ಅವರ ಕೆನ್ನೆಯೊಳಗೆ ಹತ್ತಿಯಿತ್ತು, ಸಂಜೆವರೆಗೆ ಮಾತಿರಲಿಲ್ಲ. ನನಗೆ ಎರಡು ಹುಳುಕು ಸಿಕ್ಕಿದವು. ಅಧಿಕಾರಿಗಳು ಸಾಲನ್ನು ಬಹಳ ಹೊತ್ತು ನೋಡಿ, ಈ ಭಾಗದಲ್ಲಿ ದಂತ ಸಮಸ್ಯೆ ಗಂಭೀರವಾಗಿದೆ ಎಂದರು.

ಈಗ ಹಲ್ಲಿನ ಡಾಕ್ಟ್ರು ವಾರವಿಡೀ ನಮ್ಮಲ್ಲೇ ಇರುತ್ತಾರೆ. ಎಲ್ಲಿಗೂ ಹೋಗುವ ಯೋಚನೆ ಅವರಿಗಿಲ್ಲ. ಆಲ್ದೂರು ರಸ್ತೆಯಲ್ಲಿ ಸೈಟು ನೋಡುತ್ತಿದ್ದಾರೆ. ಅತ್ತಿಗೆ ತಿಂಗಳಿಗೊಮ್ಮೆ ಚಿಕ್ಕಮಗಳೂರಿನ ಬಸ್ಸು ಹತ್ತಿ, ಅಲ್ಲಿಯ ಸಾಲಿನಲ್ಲಿ ನಿಂತು, ಡಾಕ್ಟ್ರಮ್ಮನಿಗೇ ತೋರಿಸಿಕೊಂಡು ಬರುತ್ತಾರೆ. ಮಾತ್ರೆ ಬದಲಾಗಿಲ್ಲ. ನಮ್ಮೂರಿನ ವೈದ್ಯಾಧಿಕಾರಿ ಹುದ್ದೆ ಖಾಲಿ ಇದೆ.