ತೋಪಿನ ಪಿನ್ನಿಗೆ ಬಿದ್ದ ದರ

ಬೈಲಹೊಂಗಲದಲ್ಲಿ ನಮ್ಮದೊಂದು ಲೇಥ್ ಶೆಡ್ಡು. ಸೈನ್ಯದ ತೋಪಿಗೆ ಬೇಕಾದ ಉಕ್ಕಿನ ಪಿನ್ನೊಂದು ಅಲ್ಲಿ ತಯಾರಾಗುತ್ತದೆ. ಗಂಡ ಮಾಡಿಸುತ್ತಾರೆ, ನಾನು ಒಂದೊಂದನ್ನೂ ಅಳೆದು ಪಾಸು ಮಾಡುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆಚೆ ಒಗೆಯುತ್ತೇನೆ. ಬೆರಳಿನ ಎಣ್ಣೆ ಸೋಪಿಗೂ ಹೋಗುವುದಿಲ್ಲ. ಬಿ.ಎಸ್ಸಿ. ಓದಿದ್ದು ಇದಕ್ಕೇ ಏನೋ!

ಮೊದಲ ಸಲ ಟೆಂಡರಿಗೆ ದರ ಕೊಡುವಾಗ ಗಂಡ ಲೆಕ್ಕಕ್ಕೆ ಉಕ್ಕು ಹಿಡಿದರು, ಕರೆಂಟು ಹಿಡಿದರು, ಕೆಲಸದವರ ಪಗಾರ ಹಿಡಿದರು, ಅವರ ಚಹಾ ಕೂಡ ಹಿಡಿದರು. ನನ್ನದನ್ನು ಹಿಡಿಯಲಿಲ್ಲ. ಮನೆಯವರ ದುಡಿಮೆಗೆ ಎಂಥ ಕೂಲಿ? ಹೊಲದಲ್ಲಿ ಅತ್ತೆಯ ಕೂಲಿಯನ್ನೂ ಯಾರೂ ಲೆಕ್ಕಕ್ಕೆ ಹಿಡಿದವರಲ್ಲ. ಎಲ್ಲರಿಗಿಂತ ಕಡಿಮೆ ದರ ನಮ್ಮದಾಯಿತು, ಆರ್ಡರು ಬಂತು, ಓಣಿಗೆಲ್ಲ ಪೇಢೆ ಹಂಚಿದೆವು.

ಈ ವರ್ಷ ಸವದತ್ತಿಯ ಖಾಸಗಿ ಸಾಲೆಯೊಂದರಲ್ಲಿ ನನಗೆ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಹಿಗ್ಗಿ ಹೀರೇಕಾಯಿಯಾದೆ. ನನ್ನ ಜಾಗಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ, ಅವರ ಪಗಾರವನ್ನು ಹೊಸ ದರದಲ್ಲಿ ಸೇರಿಸಿ ಎಂದೆ. ಗಂಡ ಒಪ್ಪಿದರು.

ಹೊಸ ದರ ನಿಗದಿ ಮಾಡಲು ಸೈನ್ಯದ ಕಡೆಯಿಂದ ಬಂದ ಸಾಹೇಬರು ಈ ಕಡೆಯವರೇ, ಮೆತ್ತಗೆ ಮಾತಾಡುವ ಮನುಷ್ಯ. ಉಕ್ಕಿನ ಏರಿಕೆಯನ್ನು ಒಪ್ಪಿದರು. ಅಳೆಯುವವರ ಪಗಾರದ ಮಾತು ಬಂದಾಗ ಪೆನ್ನು ಕೆಳಗಿಟ್ಟರು. ಹಿಂದಿನ ದರದಲ್ಲಿ ಇದು ಇರಲೇ ಇಲ್ಲವಲ್ಲ, ಇಷ್ಟು ದಿನ ಅಳೆದವರು ಯಾರು ಎಂದು ಕೇಳಿದರು.

"ಇಕೀನರಿ, ನಮ್ಮ ಮನ್ಯಾಕಿ," ಎಂದರು ಗಂಡ, ಹೆಮ್ಮೆಯಿಂದ. "ಪಗಾರ ಏನಿಲ್ಲರಿ."

ಅಲ್ಲಿಗೆ ಮುಗಿಯಿತು. ಪುಕ್ಕಟೆ ಆಗುತ್ತಿದ್ದ ಕೆಲಸಕ್ಕೆ ಈಗ ದುಡ್ಡು ಕೊಟ್ಟರೆ ಮೇಲಿನವರು ತಮ್ಮ ಕುತ್ತಿಗೆಯನ್ನೇ ಹಿಡಿಯುತ್ತಾರೆ ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, "ಸರ್ಕಾರದ ರೊಕ್ಕ ಉಳಿಸೀರಿ ಅಕ್ಕಾರ," ಎಂದರು. ಮೈಯೆಲ್ಲ ಉರಿದುಹೋಯಿತು. ನಾನೆಲ್ಲಿ ಉಳಿಸಿದ್ದೆ? ನನ್ನಿಂದ ಉಳಿಸಿಕೊಂಡಿದ್ದರು. ಬಾಯಿ ಬಿಟ್ಟರೆ ಆರ್ಡರೇ ಹೋದೀತೆಂದು ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋದೆ.

ಹೀಗೆ ನಿಗದಿಯಾದ ದರವೇ ಇನ್ನು ಮೂರು ವರ್ಷ. ಬೇರೆಯವರನ್ನು ಇಟ್ಟರೆ ಪ್ರತಿ ಪಿನ್ನಿಗೂ ನಷ್ಟ. ಆರ್ಡರು ಬಿಟ್ಟರೆ ದಂಡ, ಮೇಲೆ ಶೆಡ್ಡಿನವರ ಹೊಟ್ಟೆಗೆ ಕಲ್ಲು. ಗಂಡ ನನ್ನ ಮುಖ ನೋಡದೆ, "ಮೂರು ವರ್ಷ ಅಷ್ಟ, ತಡಿ," ಎಂದರು. ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಸಿಟ್ಟಿಗೆ ಆ ದಿನ ರೊಟ್ಟಿ ಬಡಿಯಲಿಲ್ಲ, ಪಿನ್ನು ಮಾತ್ರ ಅಳೆದೆ.

ಸವದತ್ತಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಸಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಬೇಜಾರು ಮಾಡಿಕೊಂಡರು. ಬೇರೆ ಕಡೆ ಕೆಲಸ ಸಿಕ್ಕಿತೇನು ಎಂದು ಕೇಳಿದರು.

"ಇಲ್ಲರಿ, ಮನ್ಯಾಗ ಕೆಲಸ ಐತಿ," ಎಂದೆ.

ಪಗಾರ ಎಷ್ಟೆಂದು ಅವರೂ ಕೇಳಲಿಲ್ಲ.