ಹಲಸಿನ ಮರದ ಕೆಳಗೆ ನಿಂತ ಸಾಕ್ಷಿ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಒಂದನೆಯ ಇಸವಿಯಲ್ಲಿ, ನಾಲ್ಕನೆಯ ಕ್ಲಾಸಿನ ಅರ್ಧಕ್ಕೆ. ಸುಳ್ಳು ಬರೆದದ್ದು ಅದಾಗಿ ಇಪ್ಪತ್ತಾರು ವರ್ಷಕ್ಕೆ. ಅನಂತಯ್ಯ ಮೇಷ್ಟ್ರು ಅಚ್ಚು ಹಾಕಿಸಿದ ನಮ್ಮ ಹೋಬಳಿಯ ಚರಿತ್ರೆಯಲ್ಲಿ, ಭದ್ರಾ ಹೊಳೆಯಲ್ಲಿ ದೋಣಿ ಮುಳುಗಿದ ಸಂಗತಿಯ ಕೆಳಗೆ 'ಕಣ್ಣಾರೆ ಕಂಡ ಹತ್ತು ಹಿರಿಯರ ಹೇಳಿಕೆ' ಅಂತ ಇದೆಯಲ್ಲ — ಆ ಹತ್ತೂ ನನ್ನವು. ಒಬ್ಬ ಹಿರಿಯರೂ ಅದರಲ್ಲಿ ಒಂದು ಮಾತು ಆಡಿಲ್ಲ. ಹತ್ತು ಬಾಯಿಯೂ ಈ ನಾಗಪ್ಪ ಮೇಸ್ತ್ರಿಯ ಒಂದೇ ಬಾಯಿ.

ಕಳಸದ ಸುತ್ತ ಓದು ಬರುವ ಮನೆಗಳಲ್ಲೆಲ್ಲ ಆ ಪುಸ್ತಕ ಇದೆ. ನೀವೂ ಓದಿದ್ದೀರಿ, ನಂಬಿದ್ದೀರಿ. ಹದಿನೇಳು ವರ್ಷದಲ್ಲಿ ಒಬ್ಬರಾದರೂ ಆ ಮುದುಕರ ಜಗಲಿ ಹತ್ತಿ, 'ನೀವು ಹೀಗೆ ಹೇಳಿದ್ದು ಹೌದೇ?' ಅಂತ ಕೇಳಿದಿರಾ? ಇಲ್ಲ. ಅಚ್ಚಾಗಿದೆಯಲ್ಲ, ಮತ್ತೇನು! ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ನನ್ನ ಮೇಲಿರುವ ಸಿಟ್ಟಿನ ಮುಂದೆ ಅದು ಏನೂ ಅಲ್ಲ.

ದೋಣಿ ಮುಳುಗಿದ್ದು ನನಗೆ ಹದಿನೇಳು ತುಂಬಿದ ವರ್ಷ, ಆಷಾಢದ ನೆರೆಯಲ್ಲಿ. ಸತ್ತವರು ಏಳು ಜನ — ದಾಟುತ್ತಿದ್ದವರು ಆರು, ದೋಣಿ ನಡೆಸುತ್ತಿದ್ದ ಅಂಬಿಗ ಮಂಜ ಒಬ್ಬ. ನಾನು ಆಗ ಊರಲ್ಲಿ ಇರಲಿಲ್ಲ, ಮಲ್ಲಂದೂರಿನ ಕಡೆ ಎಸ್ಟೇಟಿನಲ್ಲಿ ಗುಂಡಿ ತೋಡುತ್ತಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಏನನ್ನೂ ಕಂಡಿಲ್ಲ.

ಹತ್ತೊಂಬತ್ತು ವರ್ಷ ಕಳೆದ ಮೇಲೆ, ದೋಣಿ ಕಟ್ಟುವ ಕಡವಿನ ಹತ್ತಿರ ಸತ್ತವರ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸಬೇಕೆಂದು ಊರವರು ನಿಶ್ಚಯಿಸಿದರು. ಮಂಜನ ಹೆಂಡತಿ ದುಗ್ಗಮ್ಮ ಬಂದು ಕೇಳಿದ್ದು ಒಂದೇ — ತನ್ನ ಗಂಡನ ಹೆಸರೂ ಅದರಲ್ಲಿ ಬರಬೇಕು. ಕೆಲವರು ಆಗದು ಅಂದರು. ಮುಳುಗಿಸಿದವನ ಹೆಸರು ಮುಳುಗಿದವರ ಜೊತೆಯಲ್ಲಿ ಯಾಕೆ? ಎಸ್ಟೇಟಿನ ದೊರೆ ಇಂಗ್ಲೀಷಿನಲ್ಲಿ ತನ್ನ ನೆನಪಿನ ಪುಸ್ತಕ ಬರೆದಿದ್ದ. ಅಂಬಿಗ ಕುಡಿದಿದ್ದ, ದೋಣಿಯನ್ನು ಸೆಳವಿಗೆ ಅಡ್ಡ ತಿರುಗಿಸಿದ ಅಂತ ಅದರಲ್ಲಿ ಎರಡು ಸಾಲು. ದುಗ್ಗಮ್ಮ ಹೇಳುತ್ತಿದ್ದದ್ದೇ ಬೇರೆ. ಗಂಡ ಹನಿ ಮುಟ್ಟಿರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜನ ತುಂಬಿದ ದೋಣಿಗೆ ಅಕ್ಕಿ ಮೂಟೆಯನ್ನೂ ಹೇರಿಸಿದ. ಬೇಡ ಅಂದರೂ ಕೇಳಲಿಲ್ಲ. ಕೊನೆಗೆ ಊರವರು, ಮೇಷ್ಟ್ರು ವಿಚಾರಿಸಲಿ, ಅವರು ಹೇಳಿದಂತೆ ಆಗಲಿ ಅಂದರು.

ಮೇಷ್ಟ್ರು ಕೆಟ್ಟವರಲ್ಲ. ದೊರೆಯ ಪುಸ್ತಕ ಅವರಿಗೆ ಸಾಕಾಗಲಿಲ್ಲ. 'ದೊರೆ ಹೊಳೆಯ ಹತ್ತಿರ ಇರಲೇ ಇಲ್ಲ ನಾಗಪ್ಪ, ಯಾರೋ ಹೇಳಿದ್ದನ್ನು ಬರೆದಿದ್ದಾನೆ. ಕೇಳಿ ಬರೆದದ್ದು ಬೇರೆ, ಕಂಡು ಹೇಳಿದ್ದು ಬೇರೆ' ಅಂದರು. ನನಗೆ ಹತ್ತು ಹಾಳೆ, ಒಂದು ಪೆನ್ಸಿಲು, ಹತ್ತು ಹಿರಿಯರ ಹೆಸರು ಕೊಟ್ಟರು. 'ಎಲ್ಲಿ ನಿಂತು ನೋಡಿದಿರಿ ಅಂತ ಮೊದಲು ಕೇಳು. ಆಮೇಲೆ ಅವರು ಆಡಿದ್ದನ್ನು ಆಡಿದ ಹಾಗೇ ಬರಿ.'

ಓದು ಬಿಟ್ಟ ನನ್ನ ಕೈಗೆ ಮೇಷ್ಟ್ರು ಹಾಳೆ ಕೊಟ್ಟರು! ನಲವತ್ತು ಆಳನ್ನು ನಡೆಸುವ ಮೇಸ್ತ್ರಿ ನಾನು — ಆ ಹಾಳೆಗಳನ್ನು ಒಗೆದ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆ.

ಮೊದಲು ಹೋದದ್ದು ಪುಟ್ಟೇಗೌಡರ ಮನೆಗೆ. ಜಗಲಿಯ ತುಂಬ ನೆಂಟರು. ಹಾಳೆ ತೆಗೆದೆ. ಗೌಡರು ನಕ್ಕರು.

'ಓಹೋ, ನಾಲ್ಕನೇ ಕ್ಲಾಸಿನ ಪಂಡಿತರು! ಚರಿತ್ರೆ ಬರೀತೀಯೇನೋ? ಪೆನ್ಸಿಲು ಯಾವ ಕಡೆಯಿಂದ ಹಿಡೀಬೇಕು ಗೊತ್ತಾ ಮಾರಾಯ? ಕೂತ್ಕೊ, ಕಾಫಿ ಕುಡಿ, ಹೇಳ್ತೀನಿ.'

ನೆಂಟರೆಲ್ಲ ನಕ್ಕರು. ನಾನು ಕೂರಲಿಲ್ಲ, ಕಾಫಿ ಕುಡಿಯಲಿಲ್ಲ. 'ಹೇಳ್ತೀನಿ' ಅಂದರಲ್ಲ — ಅದು ನನ್ನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ನಗು ಮಾತ್ರ. ಉಳಿದ ಒಂಬತ್ತು ಮನೆಗೂ ಹೋಗಲಿಲ್ಲ. ಕೊಯ್ಲಿನ ಕೆಲಸ ಇತ್ತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಥೂ. ಕೊಯ್ಲು ಮುಗಿದೇ ಹೋಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ಹತ್ತೂ ಹಾಳೆ ತುಂಬಿಸಿದೆ. ದೊರೆಯ ಎರಡು ಸಾಲು ಏನೆಂದು ಮೇಷ್ಟ್ರ ಬಾಯಿಂದಲೇ ಕೇಳಿದ್ದೆನಲ್ಲ, ಅದನ್ನೇ ಹತ್ತು ಜನರ ಬಾಯಿಗೆ ಹಂಚಿದೆ. ಎಷ್ಟು ಚೆನ್ನಾಗಿ ಹಂಚಿದೆ ಅಂತೀರಿ! ಒಬ್ಬರಿಗೆ ಅವತ್ತು ಹಸು ಕರು ಹಾಕಿದ್ದು ನೆನಪು, ಒಬ್ಬರಿಗೆ ಕಂಬಳಿ ಹಾರಿಹೋದದ್ದು ನೆನಪು. ಒಬ್ಬರು ಮಂಜನ ಬಾಯಿಂದ ಹೆಂಡದ ವಾಸನೆ ಬಂತು ಅಂದರು, ಇನ್ನೊಬ್ಬರು ಕಾಲು ತಡವರಿಸುತ್ತಿತ್ತು ಅಂದರು. ಶೀನಪ್ಪನವರನ್ನು ಕಡವಿನ ಹಲಸಿನ ಮರದ ಕೆಳಗೆ, ಮಳೆಗೆ ಸರಿದು, ಗೊರಬು ಹೊದೆಸಿ ನಿಲ್ಲಿಸಿದೆ. ಆ ಹಾಳೆ ನನಗೇ ಇಷ್ಟವಾಯಿತು. ಎರಡು ಸಲ ಓದಿಕೊಂಡೆ. ಯಾವ ಕೆಲಸವನ್ನೂ ನಾನು ಅರ್ಧಂಬರ್ಧ ಮಾಡಿದವನಲ್ಲ — ಸುಳ್ಳನ್ನೂ ಹಾಗೆ ಮಾಡಲಿಲ್ಲ.

ಮೇಷ್ಟ್ರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. 'ನೋಡು ನಾಗಪ್ಪ, ಸಣ್ಣ ವಿಷಯದಲ್ಲಿ ಬೇರೆ ಬೇರೆ, ಮುಖ್ಯ ವಿಷಯದಲ್ಲಿ ಒಂದೇ. ನಿಜವಾದ ಸಾಕ್ಷಿ ಹೀಗೇ ಇರುತ್ತದೆ. ದೊರೆಯ ಪುಸ್ತಕಕ್ಕೂ ತಾಳೆ ಬೀಳ್ತದೆ' ಅಂದರು.

ಬೀಳದೆ ಏನು? ಅದರಿಂದಲೇ ಹುಟ್ಟಿದ್ದು.

ಕಡವಿನಲ್ಲಿ ಊರವರನ್ನು ಸೇರಿಸಿದರು. ಪುಟ್ಟೇಗೌಡರು ಕಾಲುನೋವೆಂದು ಬಂದಿರಲಿಲ್ಲ, ಶೀನಪ್ಪನವರೂ ಬಂದಿರಲಿಲ್ಲ. ಆ ಹತ್ತು ಜನರಲ್ಲಿ ಬಂದವರು ಮೂವರೇ. ಮೇಷ್ಟ್ರು ಶೀನಪ್ಪನವರ ಹಾಳೆಯನ್ನು ಪೂರ್ತಿ ಓದಿ, ಉಳಿದವರು ಹೇಳಿದ್ದೂ ಇದನ್ನೇ ಅಂದುಬಿಟ್ಟರು. ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. 'ನನ್ನನ್ನು ಕೇಳಲಿಲ್ಲ, ಪಕ್ಕದವನನ್ನು ಕೇಳಿರಬೇಕು, ಅವನು ಹೀಗೆ ಹೇಳಿರಬೇಕು' — ಒಬ್ಬೊಬ್ಬರೂ ಹಾಗೆ ಅಂದುಕೊಂಡು ಸುಮ್ಮನೆ ಕೂತರು.

ದುಗ್ಗಮ್ಮ ಎದ್ದು ನಿಂತಳು.

'ನಾನು ದಡದಲ್ಲೇ ಇದ್ದೆ ಸ್ವಾಮಿ. ಹುಟ್ಟು ಎತ್ತಿ ಕೊಟ್ಟವಳು ನಾನು.'

'ನೀನು ಅವನ ಹೆಂಡತಿ, ತಾಯೀ. ಗಂಡನ ಪರವಾಗಿ ಹೇಳ್ತೀಯ. ತಪ್ಪಲ್ಲ ಅದು. ಆದ್ರೆ ಆ ಕಡೆ ಹತ್ತು ಜನ ಇದಾರೆ, ಈ ಕಡೆ ನೀನೊಬ್ಬಳು' ಅಂದರು ಮೇಷ್ಟ್ರು, ಮೆತ್ತಗೆ.

'ಶೀನಪ್ಪಯ್ಯ ಎಲ್ಲಿ ನಿಂತಿದ್ರು ಅಂದ್ರಿ? ಇನ್ನೊಂದು ಸಲ ಓದಿ.'

'ಹಲಸಿನ ಮರದ ಕೆಳಗೆ.'

ಅವಳು ತಿರುಗಿ ಆ ಮರ ನೋಡಿದಳು. ನಾವೆಲ್ಲ ನೋಡಿದೆವು. ಕಾಂಡದ ತುಂಬ ಕಾಯಿ ಬಿಟ್ಟು ನಿಂತಿತ್ತು.

'ಆ ಮರ ನಾನು ನೆಟ್ಟದ್ದು. ನನ್ನ ಗಂಡನ ಹೆಣ ಸಿಕ್ಕಿದ ಜಾಗ ಅದು. ಹನ್ನೊಂದು ದಿನ ಕಳೆದ ಮೇಲೆ ಬೀಜ ಹಾಕಿದೆ. ಅವರು ಮುಳುಗಿದ ದಿನ ಅಲ್ಲಿ ಬರೀ ಮರಳಿತ್ತು.'

ಮಲ್ಲಂದೂರಿನಿಂದ ಬಂದ ಮೇಲೆ ನಾನು ಕಂಡದ್ದು ಬೆಳೆದ ಮರವನ್ನು. ಅದು ಯಾವಾಗಿಂದ ಇದೆ ಅಂತ ಯೋಚಿಸಿದವನೇ ಅಲ್ಲ. ಸುಳ್ಳು ಗಟ್ಟಿಯಾಗಿ ನಿಲ್ಲಲಿ ಅಂತ ನೆಟ್ಟ ಕಂಬವೇ ಮುರಿದು ನನ್ನ ತಲೆಯ ಮೇಲೆ ಬಿದ್ದಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿದರು.

'ನಾಗಪ್ಪ, ಶೀನಪ್ಪ ಹೀಗೇ ಅಂದ್ರೇನೋ?'

ಒಂದು ಮಾತು ಸಾಕಿತ್ತು. ಇಲ್ಲ — ಅಂದರೆ ಮುಗಿಯುತ್ತಿತ್ತು. ಊರು ನನ್ನನ್ನು ನೋಡುತ್ತಿತ್ತು, ಮೇಷ್ಟ್ರ ಕೈಯಲ್ಲಿ ನನ್ನ ಅಕ್ಷರವಿತ್ತು —

'ಹೌದು ಮೇಷ್ಟ್ರೇ. ಹೀಗೇ ಅಂದರು.'

ಮೇಷ್ಟ್ರು ಹಾಳೆ ಮಡಚಿದರು. ಮರದ ವಿಷಯದಲ್ಲಿ ಮುದುಕರ ನೆನಪು ತಪ್ಪಿರಬಹುದು, ಕುಡಿತದ ಮಾತು ಹತ್ತರಲ್ಲೂ ಇದೆಯಲ್ಲ ಅಂದರು. ಹತ್ತು, ಹತ್ತು! ಎಣಿಸಲು ಬಂತು ಅವರಿಗೆ. ಆ ಹತ್ತೂ ಬಂದದ್ದು ಎಲ್ಲಿಂದ ಅಂತ ಹಿಂದೆ ಹೋಗಿ ನೋಡಲು ಬರಲಿಲ್ಲ. ಎಲ್ಲಿ ನಿಂತಿದ್ದರು ಅಂತ ಕೇಳಲು ಅವರೇ ನನಗೆ ಕಲಿಸಿದ್ದರು; ನಿಜವಾಗಿ ಕೇಳಿದವಳು ಅಕ್ಷರ ಬಾರದ ದುಗ್ಗಮ್ಮ ಒಬ್ಬಳೇ. ಅವಳನ್ನು ಕೂರಿಸಿಬಿಟ್ಟರು. ಕೂರಿಸಿದ್ದು ನಾನು.

ಕಲ್ಲಿನಲ್ಲಿ ಆರು ಹೆಸರು ಬಂತು. ದುಗ್ಗಮ್ಮ ಪ್ರತಿ ಆಷಾಢದಲ್ಲಿ ಆರನೆಯ ಹೆಸರಿನ ಕೆಳಗೆ, ಏನೂ ಇಲ್ಲದ ಜಾಗಕ್ಕೆ ಅರಿಸಿನ ಹಚ್ಚುತ್ತಾಳೆ. ಹದಿನೇಳು ವರ್ಷ ನಾನು ಅದನ್ನು ನೋಡಿಕೊಂಡೇ ದೋಣಿ ಹತ್ತಿದ್ದೇನೆ.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ನಿಜವನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವರಲ್ಲಿ ಒಬ್ಬರು ಹೋದರು ಅಂದಾಗ ನನಗೆ ಹಗುರ ಅನಿಸಿತು — ಆ ಹಗುರವೇ ನನ್ನನ್ನು ಹೆದರಿಸಿತು. ಈ ಬೇಸಿಗೆಯಲ್ಲಿ ದುಗ್ಗಮ್ಮನ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದಳು. ನಿಂತೇ ಹೇಳಿದೆ, ಎಲ್ಲವನ್ನೂ. ಮೊರದಿಂದ ಕಣ್ಣು ತೆಗೆಯಲಿಲ್ಲ.

'ನನಗೆ ಗೊತ್ತಿರೋದನ್ನ ನನಗೇ ಬಂದು ಹೇಳ್ತೀಯೇನೋ? ಅವತ್ತು ನಿನ್ನ ಮುಖ ನೋಡೇ ಗೊತ್ತಾಯ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು.'

'ತಪ್ಪಾಯ್ತು ದುಗ್ಗಕ್ಕ —'

'ಬಾಗಿಲಿಗೆ ಅಡ್ಡ ನಿಲ್ಬೇಡ, ಬೆಳಕು ಬೇಕು.'

ಅವಳು ಅವತ್ತು ಕಡವಿನಲ್ಲಿ ಅಂದದ್ದನ್ನು ಮೊದಲ ಹಾಳೆಯಲ್ಲಿ ಬರೆದು, ಅಲ್ಲಿಂದಲೇ, ಹದಿನೇಳು ವರ್ಷ ತಡವಾಗಿ, ಹಾಳೆ ಹಿಡಿದು ಹೊರಟೆ. ಆ ಹತ್ತು ಹಿರಿಯರಲ್ಲಿ ಉಳಿದವರು ಇಬ್ಬರೇ. ಶೀನಪ್ಪನವರು ಹಾಸಿಗೆ ಹಿಡಿದಿದ್ದಾರೆ. 'ದೋಣಿ ಮುಳುಗಿದ್ದಾ? ನಾನೆಲ್ಲಿದ್ದೆ ಮಾರಾಯ? ಗೋಣಿಬೀಡಿಗೆ ಹೋಗಿದ್ದೆ, ಅಕ್ಕನ ಮನೆಗೆ. ಬಂದ ಮೇಲೆ ಕೇಳಿದ್ದು' ಅಂದರು. ಪುಸ್ತಕದಲ್ಲಿ ನೀವು ಹೊಗಳುವ ಸಾಕ್ಷಿ ಇವರೇ.

ಪುಟ್ಟೇಗೌಡರು ಆಚೆ ದಡದಲ್ಲಿ ದೋಣಿಗೆ ಕಾಯುತ್ತಿದ್ದರಂತೆ. ಮೂಟೆ ಹೇರಿದ್ದು ಕಂಡಿದ್ದಾರೆ. ಮಂಜ ಹುಟ್ಟು ಕೆಳಗಿಟ್ಟು ಕೈ ಮುಗಿದದ್ದು ಕಂಡಿದ್ದಾರೆ. ಹೇರದಿದ್ದರೆ ನಾಳೆಯಿಂದ ಕಡವು ನಿನಗಿಲ್ಲ ಅಂತ ರೈಟರು ಕೂಗಿದ್ದು ಆಚೆ ದಡಕ್ಕೂ ಕೇಳಿತಂತೆ. ಅವರ ಹೆಸರಲ್ಲಿ ನಾನು ಬರೆದದ್ದನ್ನು ಓದಿ ಹೇಳಿದೆ.

'ಅವತ್ತೇ ಹೇಳ್ತಿದ್ನಲ್ಲೋ ನಾಗ. ಕಾಫಿ ಕುಡಿ ಅಂದೆ. ಕೂರದೆ ಓಡಿಹೋದೆ.'

ಇದನ್ನು ಐದು ಪ್ರತಿ ನನ್ನ ಕೈಯಲ್ಲೇ ಬರೆದಿದ್ದೇನೆ. ಒಂದನ್ನು ಶಾಲೆಯಲ್ಲಿರುವ ಆ ಪುಸ್ತಕದೊಳಗೆ ಅಂಟಿಸುತ್ತೇನೆ. ಒಂದನ್ನು ಬರುವ ಭಾನುವಾರ ಕಡವಿನಲ್ಲಿ, ಕಲ್ಲಿನ ಪಕ್ಕ ನಿಂತು ಊರವರಿಗೆ ಓದುತ್ತೇನೆ. ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಪುಟ್ಟೇಗೌಡರು ಇನ್ನೂ ಇದ್ದಾರೆ, ದುಗ್ಗಮ್ಮ ಇದ್ದಾಳೆ. ಹೋಗಿ ಕೇಳಿ. ಬೇಗ ಹೋಗಿ.

ಈಗ ನನ್ನಲ್ಲಿರುವುದು ಇಷ್ಟು. ಕಾಫಿ ಎರಡು ಎಕರೆ. ಹೆಂಚಿನ ಮನೆ ಒಂದು. ಹೆಸರಿಟ್ಟು ಬರೆದ ಸುಳ್ಳು ಹತ್ತು. ಕೇಳದೆಯೇ ಮಣ್ಣಾದ ಬಾಯಿ ಎಂಟು. ಕೇಳಿ ಬರೆದ ಹಾಳೆ ಮೂರು. ಕಲ್ಲಿನಲ್ಲಿ, ಆರನೆಯ ಹೆಸರಿನ ಕೆಳಗೆ, ಖಾಲಿ ಜಾಗ ಒಂದು ಗೇಣು.