ಎರಡು ವರ್ಷದ ವಾರಂಟಿ

ಹಂಪಾಪುರದ ಹಿಟ್ಟಿನ ಗಿರಣಿ ವೆಂಕಟೇಶನದು ಸುಮ್ಮನಿರುವ ಕೈಯಲ್ಲ. ಮಿಕ್ಸಿಯಾಗಲಿ, ಮೋಟಾರಾಗಲಿ, ಭಜನೆಮನೆಯ ಹಾರ್ಮೋನಿಯಮ್ಮೇ ಆಗಲಿ, ಕೆಟ್ಟದ್ದು ಕಣ್ಣಿಗೆ ಬಿದ್ದರೆ ಬಿಚ್ಚಲೇಬೇಕು. ಮತ್ತೆ ಕೂಡಿಸುವಾಗ ಒಂದೆರಡು ನಟ್ಟು ಮಿಗುತ್ತಿದ್ದುದೂ ಉಂಟು, ಆದರೆ ಕೆಟ್ಟದ್ದು ಓಡುತ್ತಿತ್ತು. ಅಂಥವನ ಹೆಂಡತಿ ಸುಕನ್ಯಳ ಎರಡೂ ಕಿಡ್ನಿ ಕೈಕೊಟ್ಟವು. ಬಿಚ್ಚಿ ನೋಡಲಾಗದ್ದು ಮನೆಯೊಳಗೇ ಕೆಟ್ಟು ಕೂತಾಗ ಅವನು ಕಂಗಾಲಾದ.

ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಒಮ್ಮೆ ವಾಪಸು ಬರುವಾಗ ಬಸ್ಸಿನ ಮೆಟ್ಟಿಲು ಹತ್ತಲಾರದೆ ಅವಳು ಸ್ಟ್ಯಾಂಡಿನಲ್ಲೇ ಕುಸಿದಳು. ಆಮೇಲೆ ಅವನು ಹುಣಸೂರಿಗೆ ಹೋಗಿ ಒಂದು ಹಳೆಯ ಡೀಸೆಲ್ ಕಾರು ಕೊಂಡ. ಕೊಂಡ ವಾರವೇ ಅದು ನಡುದಾರಿಯಲ್ಲಿ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ಗಿರಣಿಯ ಇಂಜಿನ್ನಿಗೂ ಇದೇ ರೋಗ. ಫಿಲ್ಟರಿನ ಬೋಲ್ಟು ಸಡಿಲಿಸಿ ಗಾಳಿ ಬಿಟ್ಟರೆ ಸರಿಹೋಗುತ್ತದೆ. ಆದರೆ ಕೈಗೆ ಹೊಸದಾದ ಗಾಡಿಯಲ್ಲಿ ಯಾವುದು ಎಲ್ಲಿದೆಯೆಂದು ತಡಕಾಡುವುದರಲ್ಲೇ ಹೊತ್ತಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಸರದಿ ಬೇರೆಯವರ ಪಾಲಾಗಿತ್ತು. ಮಾರನೆಯ ದಿನದವರೆಗೆ ಅವಳು ಬಾಯಿ ತೆರೆದುಕೊಂಡು ಉಸಿರೆಳೆಯುವುದನ್ನು ನೋಡಿ ಅವನಿಗೆ ಬದುಕೇ ಸಾಕೆನಿಸಿತು.

ಕಾರು ಮಾರಿದ ಅಂಗಡಿಯ ಸಾಗರ್ ಫೋನ್ ಮಾಡಿ ಕರೆಸಿಕೊಂಡ. ಸುಕನ್ಯಳೂ ಜೊತೆಗೆ ಬಂದಳು.

"ವಾರಂಟಿ ಮಾಡ್ಸಕ್ಕೆ ಇವತ್ತು ಕಡೇ ದಿನ ಅಣ್ಣ. ಡೀಸೆಲ್ ಪಂಪು ಗಿಂಪು ಕೆಟ್ಟೋದ್ರೆ ಕಂಪನಿಯೋರೇ ಆಕ್ಕೊಡ್ತಾರೆ. ಆದ್ರೆ ಫಿಲ್ಟರ್ ಮೇಲೆ, ಪಂಪಿನ ಮೇಲೆ ಸೀಲ್ ಅಂಟಿಸ್ತೀವಿ. ನೀವು ಕಿತ್ತು ಕೈ ಆಕುದ್ರೆ ವಾರಂಟಿ ಕ್ಯಾನ್ಸಲ್."

"ದಾರೀಲಿ ನಿಂತ್ರೆ ಏನ್ಲಾ ಮಾಡ್ಲಿ?"

"ಫೋನ್ ಮಾಡಿ. ಅವ್ರ ಗಾಡಿ ಬತ್ತದೆ."

ವೆಂಕಟೇಶ ತಲೆ ಕೆರೆದುಕೊಂಡ. ಪಂಪೇ ಹೋದರೆ ಹೊಸದು ಹಾಕಿಸುವ ತಾಕತ್ತು ಅವನಿಗಿರಲಿಲ್ಲ. ಕಾರು ಮೂಲೆ ಸೇರಿದರೆ ಇವಳ ಗತಿಯೇನು? ವಾರಂಟಿ ತೆಗೆದುಕೊಂಡರೋ, ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡ ಹಾಗೆ. ಆ ಕೈ ಬಿಟ್ಟರೆ ಅವನಿಗೆ ನಂಬಿಕೆ ಇದ್ದದ್ದಾದರೂ ಯಾವುದರ ಮೇಲೆ? ಕೊನೆಗೆ ಪಂಪಿನ ಭಯವೇ ಗೆದ್ದಿತು.

"ಒಂದ್ ವರ್ಸದ್ದೋ, ಎರಡು ವರ್ಸದ್ದೋ ಅಣ್ಣ?"

"ಒಂದ್..." ಎಂದ ವೆಂಕಟೇಶ ಅಲ್ಲಿಗೇ ತಡೆದ. ಸುಕನ್ಯ ಇನ್ನೊಂದು ವರ್ಷ ಕಳೆದರೆ ನಿಮ್ಮ ಪುಣ್ಯ ಎಂದು ಡಾಕ್ಟರು ಅವನೊಬ್ಬನನ್ನೇ ಕರೆದು ಹೇಳಿದ್ದರು. ಅದು ಬಾಯಿ ಜಾರಿಬಿಟ್ಟಿತೇನೋ ಎಂದು ಹೆಂಡತಿಯತ್ತ ತಿರುಗಿದ. ಪಕ್ಕದ ಕುರ್ಚಿಯಲ್ಲಿದ್ದ ಸುಕನ್ಯ ಅವನ ಮುಖವನ್ನೇ ನೋಡುತ್ತಿದ್ದಳು.

"ಎರಡು ವರ್ಸದ್ದೇ ಆಕ್ಸಿ ಕಣ್ರೀ," ಎಂದಳು. "ಮಗಳು ಪಿಯುಸಿ ಮುಗಿಸ್ಲಿ."

ಎರಡು ವರ್ಷದ್ದೇ ಆಯಿತು. ಸಾಗರ್ ಹಳದಿ ಸೀಲು ಅಂಟಿಸಿದ. ಅಂದಿನಿಂದ ರಾಗಿ ಬೀಸಿಸಲು ಬಂದವರಿಗೆಲ್ಲ ಸುಕನ್ಯ, "ಇನ್ನ ಎರಡು ವರ್ಸ ಏನೂ ಯೋಚ್ನೆ ಇಲ್ಲ ಬುಡಿ," ಎನ್ನತೊಡಗಿದಳು. ಕಾರಿನ ಮಾತೋ ತನ್ನ ಮಾತೋ, ಅವಳೇ ಎರಡನ್ನೂ ಒಂದು ಮಾಡಿಕೊಂಡಿದ್ದಳು. ಕೇಳಿದಾಗಲೆಲ್ಲ ವೆಂಕಟೇಶ ಹಿಟ್ಟಿನ ದೂಳು ಕಣ್ಣಿಗೆ ಬಿತ್ತೆಂದು ಮುಖ ತಿರುಗಿಸುತ್ತಿದ್ದ.

ಮುಂದಿನ ಡಯಾಲಿಸಿಸ್ಸಿಗೆ ಹೊರಟ ಬೆಳಿಗ್ಗೆ, ದಾರಿಯಲ್ಲಿ ಜಯಪುರ ಇನ್ನೂ ಮುಂದಿರುವಾಗಲೇ ಕಾರು ಕೆಮ್ಮಿ ನಿಂತಿತು. ಮತ್ತೆ ಅದೇ ಗಾಳಿ. ವೆಂಕಟೇಶ ವಾರಂಟಿ ಕಂಪನಿಗೆ ಫೋನ್ ಮಾಡಿದ. ಎಷ್ಟೋ ಹೊತ್ತು ಹಾಡು ಕೇಳಿಸಿ, ಆಮೇಲೆ ಒಬ್ಬ ಸಿಕ್ಕಿದ.

"ಮಧ್ಯಾಹ್ನದೊಳಗೆ ಗಾಡಿ ಕಳಿಸ್ತೀವಿ ಸರ್. ಸೀಲ್ ಮಾತ್ರ ಮುಟ್ಟಬೇಡಿ."

"ಮಧ್ಯಾಹ್ನದ ಗಂಟ ನನ್ ಎಂಡ್ತಿ ತಡೆಯಲ್ಲ ಸಾ."

ಅವರಿಗೆ ಸೀಲಿನದೇ ಚಿಂತೆ. ಫೋನ್ ಕಟ್ಟಾಯಿತು. ರಸ್ತೆಗೆ ಅಡ್ಡ ನಿಂತು ಕೈ ಬೀಸಿದರೂ ಒಂದು ಗಾಡಿಯೂ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಸುಕನ್ಯಳ ತುಟಿ ಕಪ್ಪಿಟ್ಟಿತ್ತು. ಅವನು ಸ್ಪ್ಯಾನರ್ ತೆಗೆದುಕೊಂಡದ್ದನ್ನು ಕಂಡು ಅವಳು ಏದುಸಿರಿನಲ್ಲೇ ಕೈ ಅಡ್ಡ ಮಾಡಿದಳು.

"ಮುಟ್ಬ್ಯಾಡಿ. ಎರಡು ವರ್ಸ ಓಗ್ಬುಡ್ತದೆ. ನಾನ್ ತಡ್ಕತೀನಿ."

ವೆಂಕಟೇಶ ಬಾನೆಟ್ ಎತ್ತಿ, ಅದರ ಮರೆಗೆ ಹೋಗಿ ನಿಂತ. ಕಟ್ಟಾಗಿದ್ದ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಮಾತಾಡತೊಡಗಿದ.

"ಊಂ ಸಾ. ಫಿಲ್ಟರೇ ಸಾ. ನಾನೇ ಬಿಚ್ಬೋದಾ? ಆಯ್ತು ಸಾ, ಬಾಳ ಉಪಕಾರ ಆಯ್ತು."

ಮಾತಾಡುತ್ತಲೇ ಹೆಬ್ಬೆರಳಿನ ಉಗುರಿನಿಂದ ಸೀಲು ಕಿತ್ತ. ಕಣ್ಣಲ್ಲಿ ನೀರು ತುಂಬಿ ಬೋಲ್ಟು ಕಾಣದಿದ್ದರೂ ಕೈಗೆ ದಾರಿ ಗೊತ್ತಿತ್ತು. ಗಾಳಿ ಬುಸುಗುಟ್ಟಿ ಹೊರಬಂದ ಮೇಲೆ ಬೋಲ್ಟು ಬಿಗಿದು, ಹೋಗಿ ಕೀ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು.

"ಏನಂದ್ರು?" ಸುಕನ್ಯ ಕೇಳಿದಳು.

"ನೀವೇ ತೆಗೀರಿ ಅಂದ್ರು."

"ಎರಡು ವರ್ಸ ಅಂಗೇ ಇರ್ತದಾ?"

"ಅಂಗೇ ಇರ್ತದೆ ಕಣೆ. ನೀನು ಒರಗ್ಕೊ," ಎಂದು ಗೇರು ಹಾಕಿದ.

ಹರಿದ ಸೀಲು ಹೆಬ್ಬೆರಳಿಗೆ ಅಂಟಿಕೊಂಡೇ ಇತ್ತು. ಮೈಸೂರು ಮುಟ್ಟುವವರೆಗೂ ಅವನು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಕಾರು ಓಡಿಸಿದ.